ಗಿಡದ ಹಿಂದ ಒಬ್ಬ ಅದಾನ ನೋಡಲೇ

“ಲೇ, ನಾ ನಾಕ್ ಆಗೇನಿ. ಗಿಡದ ಹಿಂದ ಒಬ್ಬ ಅದಾನ ನೋಡು. ಮೊದ್ಲ ಸ್ಮೋಕ್ ಒಗಿ, ಆಮ್ಯಾಲೆ ಬಂದು ರಿವೈವ್ ಕೊಡು.”

ಹಾವೇರಿಯಿಂದ ಗುತ್ತಲಕ್ಕೆ ಹೋಗುವ ಸಂಜೆ ಬಸ್ಸಿನಲ್ಲಿ ಹಿಂದಿನ ಸೀಟು ಸಿಕ್ಕವರಿಗೆ ಇಂಥ ಮಾತು ಹೊಸದಲ್ಲ. ಕಾಲೇಜು ಮುಗಿಸಿ ಊರಿಗೆ ಮರಳುವ ಹುಡುಗರು, ಅಡ್ಡ ಹಿಡಿದ ಮೊಬೈಲು, ಕಿವಿಗೆ ಸಿಕ್ಕಿಸಿದ ಇಯರ್‌ಫೋನು. ಯಾರೂ ಬಿದ್ದಿಲ್ಲ, ಎಲ್ಲೂ ಹೊಗೆ ಎದ್ದಿಲ್ಲ, ಗಿಡದ ಹಿಂದೆ ನಿಂತವನು ಬಹುಶಃ ಇಂದೋರಿನಲ್ಲೋ ಗುವಾಹಟಿಯಲ್ಲೋ ಮಂಚದ ಮೇಲೆ ಮಲಗಿದ್ದಾನೆ. ಮುಂದಿನ ಸೀಟಿನ ಹಿರಿಯರು ಒಮ್ಮೆ ತಿರುಗಿ ನೋಡಿ, ಕೆಟ್ಟ ಕಾಲ ಬಂತು ಎಂಬಂತೆ ಮುಖ ಮಾಡಿ, ಮತ್ತೆ ಕಿಟಕಿಯ ಕಡೆ ತಿರುಗುತ್ತಾರೆ.

ಕನ್ನಡ ಕೆಟ್ಟಿತು ಎಂದು ತೀರ್ಪು ಕೊಡುವ ಮುನ್ನ ಆ ಮಾತನ್ನು ಸ್ವಲ್ಪ ಬಿಡಿಸಿ ನೋಡಬಹುದು. ಅದರಲ್ಲಿರುವ ಇಂಗ್ಲಿಷ್ ಪದಗಳು ಮೂರೇ ಮೂರು: ನಾಕ್, ಸ್ಮೋಕ್, ರಿವೈವ್. ಮೂರೂ ಅವರು ಮೊಬೈಲಿನಲ್ಲಿ ಆಡುತ್ತಿರುವ ಗುಂಡಿನಾಟದ ಕಾನೂನಿಗೆ ಸೇರಿದವು. ನಾಲ್ವರ ತಂಡದಲ್ಲಿ ಒಬ್ಬನ ಶಕ್ತಿ ಮುಗಿದರೆ ಅವನು ಕೂಡಲೇ ಸಾಯುವುದಿಲ್ಲ, ಮೊಣಕಾಲೂರಿ ತೆವಳುತ್ತಾನೆ. ಆ ಅರೆಜೀವದ ಸ್ಥಿತಿಯೇ ನಾಕ್. ಜೊತೆಗಾರ ಬಂದು ಕೆಲವು ಸೆಕೆಂಡು ಹತ್ತಿರ ಕುಳಿತು ಎಬ್ಬಿಸಿದರೆ ರಿವೈವ್. ಇಂಥ ಸ್ಥಿತಿ ಗುತ್ತಲದ ಹೊಲದಲ್ಲಾಗಲಿ ಸಂತೆಯಲ್ಲಾಗಲಿ ಇಲ್ಲ. ಆದ್ದರಿಂದ ಹೆಸರೂ ಆಟದ ಜೊತೆಗೇ ಬಂತು.

ಮೈ ಮಾಡುವ ಕೆಲಸಕ್ಕೆ ಬಂದಾಗ ಕಥೆಯೇ ಬೇರೆ. ಆಟದ ಇಂಗ್ಲಿಷಿನಲ್ಲಿ ಕ್ರೌಚ್, ಪ್ರೋನ್, ಪೀಕ್, ಥ್ರೋ ಎಂಬ ಪದಗಳಿವೆ, ಸೆಟ್ಟಿಂಗ್ಸ್ ತೆರೆದರೆ ಬಟನ್ನುಗಳಿಗೆ ಅವೇ ಹೆಸರು. ಹುಡುಗರಿಗೆ ಅವು ಗೊತ್ತಿಲ್ಲ ಎಂದಲ್ಲ. ಆದರೆ ಗುಂಡು ಹಾರುತ್ತಿರುವಾಗ ಬಾಯಿಂದ ಹೊರಡುವುದು ‘ಕುಂಡ್ರಲೇ’, ‘ಮಕ್ಕೋಲೇ’, ‘ಹಣಿಕಿ ಹಾಕು’, ‘ಒಗಿ’, ‘ಹೊಳ್ಳು’, ‘ಜಿಗಿ’. ಇಷ್ಟು ಚುರುಕಾಗಿ ಕೈಗೆ ಮುಟ್ಟುವ ಆಜ್ಞೆ ಅವರ ಬಳಿ ಬೇರೆ ಇಲ್ಲ. ‘ಕುಂಡ್ರು’ ಎಂಬ ಮಾತನ್ನು ಅವರು ಅಂಬೆಗಾಲಿನಿಂದ ಕೇಳಿದ್ದಾರೆ, ಕಿವಿಗೆ ಬೀಳುವಷ್ಟರಲ್ಲಿ ಮೈ ಅದನ್ನು ಪಾಲಿಸಿರುತ್ತದೆ. ಯಂತ್ರದ ನಿಯಮಕ್ಕೆ ಇಂಗ್ಲಿಷ್, ಮೈಯ ಚಲನೆಗೆ ಕನ್ನಡ: ಈ ಹಂಚಿಕೆಯನ್ನು ಯಾರೂ ಕೂತು ಗೊತ್ತುಮಾಡಿದ್ದಲ್ಲ. ನನಗೆ ಈ ಆಟಗಳ ಪದಕೋಶದಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದೇ.

ಬಂದ ಪದಗಳಿಗೂ ಇಲ್ಲಿ ಸುಮ್ಮನೆ ಕೂರುವ ಅವಕಾಶವಿಲ್ಲ. ‘ನಾಕ್ ಆಗು’ ಎಂದರೆ ತಾನು ಬೀಳುವುದು, ‘ನಾಕ್ ಮಾಡು’ ಎಂದರೆ ಎದುರಿಗನನ್ನು ಬೀಳಿಸುವುದು. ರಿವೈವ್ ಕೊಡುವಂಥದ್ದು, ಕವರ್ ಹಿಡಿಯುವಂಥದ್ದು, ರಶ್ ಹೋಗುವಂಥದ್ದು. ಡ್ಯಾಮೇಜ್ ಬೀಳುತ್ತದೆ, ಪಿಂಗ್ ಏರುತ್ತದೆ, ಲ್ಯಾಗ್ ಹೊಡೆಯುತ್ತದೆ. ಯಾವ ನಾಮಪದಕ್ಕೆ ಯಾವ ಕ್ರಿಯಾಪದ ಜೋಡಿ ಎನ್ನುವುದರಲ್ಲಿ ತಪ್ಪಿದರೆ ಹತ್ತನೇ ಕ್ಲಾಸಿನ ಹುಡುಗ ಕೂಡ ನಗುತ್ತಾನೆ. ‘ರಿವೈವ್ ಮಾಡು’ ಎನ್ನಬಹುದು, ತಪ್ಪೇನಲ್ಲ. ಆದರೆ ‘ಕೊಡು’ ಎಂದಾಗ ಅದು ಬೇಡಿಕೆಯಾಗುತ್ತದೆ, ನೀರು ಕೊಡು ಎಂದಷ್ಟೇ ಸಹಜವಾಗಿ.

ಒಗಿ ಎಂಬ ಪದ ಈ ಕಡೆಯವರನ್ನು ಎಷ್ಟು ಸಲ ಪೇಚಿಗೆ ಸಿಕ್ಕಿಸಿದೆಯೋ. ಧಾರವಾಡ, ಹಾವೇರಿ ಸೀಮೆಯಲ್ಲಿ ಒಗಿ ಎಂದರೆ ಎಸೆ. ಮೈಸೂರು ಸೀಮೆಯಲ್ಲಿ ಒಗೆಯುವುದೇನಿದ್ದರೂ ಬಟ್ಟೆ. ಆಟದಲ್ಲಿ ಗೊತ್ತಿಲ್ಲದವರ ಜೊತೆ ತಂಡ ಕಟ್ಟಿಕೊಂಡಾಗ, ಅಂಥವರಿಗೆ ‘ರ‍್ಯಾಂಡಮ್’ ಎಂದೇ ಹೆಸರು, ಮಂಡ್ಯದ ಒಬ್ಬ ಗುತ್ತಲದವನ ಕೈಗೆ ಸಿಕ್ಕ ಎಂದುಕೊಳ್ಳಿ. “ಬಾಂಬ್ ಒಗಿ” ಎಂದು ಇವನು ಕೂಗಿದರೆ ಆ ಕಡೆಯವನು ಒಂದು ಕ್ಷಣ ತಡವರಿಸುತ್ತಾನೆ, ಆ ಒಂದು ಕ್ಷಣದಲ್ಲಿ ಇಬ್ಬರೂ ನಾಕ್. ದಕ್ಷಿಣದ ‘ಬಗ್ಗಿಕೋ’ ಉತ್ತರದವನಿಗೆ ನಿಧಾನ, ಉತ್ತರದ ‘ಹೊಳ್ಳಿ ಬಾ’ ದಕ್ಷಿಣದವನಿಗೆ ಒಗಟು. ಆದರೂ ನಾಲ್ಕಾರು ಮ್ಯಾಚ್ ಆದ ಮೇಲೆ ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಎರಡು ಸೀಮೆಯ ಹದಿಹರೆಯದವರು ಹೀಗೆ ತುರ್ತಿನ ಮಾತು ಆಡುವ ಸಂದರ್ಭ ಹಿಂದೆ ಎಲ್ಲಿತ್ತು? ನಾಟಕ ಕಂಪನಿಯ ಜೊತೆ ಊರೂರು ತಿರುಗಿದವರಿಗೆ, ಪೊಲೀಸ್ ಕೆಲಸದಲ್ಲಿದ್ದವರಿಗೆ ಸಿಕ್ಕಿರಬಹುದು.

ರ‍್ಯಾಂಡಮ್ ಹೆಚ್ಚಾಗಿ ಹಿಂದಿಯವನೇ ಆಗಿರುತ್ತಾನೆ. ಹಾಗಾಗಿ ‘ಬಂದಾ’, ‘ಪೀಛೇ’, ‘ಭಾಯ್’ ಎಂಬ ಪದಗಳೂ ಒಳಗೆ ಬಂದಿವೆ. “ಅಲ್ಲಿ ಎರಡು ಬಂದಾ ಅದಾವ” ಎನ್ನುವಾಗ ಎದುರಾಳಿಗಳು ನಪುಂಸಕಲಿಂಗಕ್ಕೆ ಇಳಿದುಬಿಡುತ್ತಾರೆ, ಕೋಳಿ ಎಣಿಸಿದ ಹಾಗೆ. ಮನೆಯಲ್ಲಿ ದಖನಿ ಉರ್ದು ಮಾತಾಡುವ ಹುಡುಗನಿಗೆ ಇಂಥ ತಂಡದಲ್ಲಿ ಬೇಡಿಕೆ ಹೆಚ್ಚು. ಅವನೇ ದುಭಾಷಿ, ಬಹಳ ಸಲ ಅವನೇ ನಾಯಕ.

ಈ ಪದಗಳು ಹಾವೇರಿ ಜಿಲ್ಲೆಗೆ ಬಂದ ದಾರಿ ಗಿಡ್ಡ, ಹುಟ್ಟಿದ ದಾರಿ ಉದ್ದ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂತು, ಡೇಟಾ ಅಗ್ಗವಾಯಿತು. 2018ರಲ್ಲಿ ಪಬ್‌ಜಿ ಮೊಬೈಲಿಗೆ ಬಂತು. ಅದಕ್ಕಿಂತ ಹಗುರವಾದ, ಕಡಿಮೆ ಬೆಲೆಯ ಫೋನಿನಲ್ಲೂ ಓಡುವ ಫ್ರೀ ಫೈರ್ ಹಳ್ಳಿಗಳನ್ನು ಇನ್ನೂ ಆಳಕ್ಕೆ ಹೊಕ್ಕಿತು. ಅದಕ್ಕೂ ಮೊದಲು ಹುಬ್ಬಳ್ಳಿ, ದಾವಣಗೆರೆಯ ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಕಂಪ್ಯೂಟರಿಗೆ ಕಂಪ್ಯೂಟರ್ ಜೋಡಿಸಿ ಕೌಂಟರ್ ಸ್ಟ್ರೈಕ್ ಆಡಿದವರು ‘ಕ್ಯಾಂಪ್’, ‘ಹೆಡ್‌ಶಾಟ್’ಗಳನ್ನು ರಜೆಗೆ ಬಂದಾಗ ಊರಿಗೆ ತಂದಿದ್ದರು, ಆದರೆ ಅದು ಕೆಲವರ ಮಾತಾಗಿತ್ತು. ಫೋನು ಅದನ್ನು ಎಲ್ಲರ ಮಾತು ಮಾಡಿತು.

ಉದ್ದದ ದಾರಿ ಹಿಡಿದು ಹೋದರೆ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯ ಸಿಗುತ್ತದೆ. 1978ರಲ್ಲಿ ಅಲ್ಲಿನ ರಾಯ್ ಟ್ರಬ್‌ಶಾ ಎಂಬ ವಿದ್ಯಾರ್ಥಿ ಮಡ್ ಎಂಬ ಆಟ ಬರೆಯಲು ತೊಡಗಿದ, ಅವನ ಜೊತೆಗಾರ ರಿಚರ್ಡ್ ಬಾರ್ಟಲ್ ಅದನ್ನು ಬೆಳೆಸಿದ. ಚಿತ್ರವಿಲ್ಲ, ಸದ್ದಿಲ್ಲ, ಬರೀ ಅಕ್ಷರ. ನೀನು ಕಾಡಿನ ದಾರಿಯಲ್ಲಿ ನಿಂತಿದ್ದೀ ಎಂದು ಯಂತ್ರ ಹೇಳುತ್ತದೆ, ಉತ್ತರಕ್ಕೆ ಹೋಗುತ್ತೇನೆ ಎಂದು ನೀವು ಒತ್ತಬೇಕು. ಅದೇ ಹೊತ್ತಿಗೆ ಇನ್ನೊಬ್ಬನೂ ಅದೇ ಕಾಡಿನಲ್ಲಿ ಇರುತ್ತಿದ್ದ ಎನ್ನುವುದೇ ಹೊಸದು. ಹಲವರು ಒಟ್ಟಿಗೆ ಇರಬಲ್ಲ ಕಾಲ್ಪನಿಕ ಲೋಕಗಳ ಮೂಲ ಅಲ್ಲಿದೆ, ಅವುಗಳ ಪದಗಳ ಬೇರೂ ಅಲ್ಲಿಂದ ಹರಡಿದೆ. ಆಟದಲ್ಲಿ ತಾನಾಗಿ ಓಡಾಡುವ ಜೀವಿಗಳಿಗೆ ‘ಮಾಬ್’ ಎಂಬ ಹೆಸರು, ಚಲಿಸುವಂಥದ್ದು ಎಂಬರ್ಥದ ಮೊಬೈಲ್ ಎಂಬ ಪದದ ತುಂಡು, ಬಂದದ್ದು ಆ ಆಟದಿಂದಲೇ. ಮೈನ್‌ಕ್ರಾಫ್ಟ್ ಆಡುವ ಮಕ್ಕಳು ಇವತ್ತಿಗೂ ಆ ಪದ ಬಳಸುತ್ತಾರೆ. 1997ರ ಅಲ್ಟಿಮಾ ಆನ್‌ಲೈನ್‌ನಲ್ಲಿ ಕಂಪನಿಯವರು ಕತ್ತಿಯ ಬಲ ತಗ್ಗಿಸಿದಾಗ ಆಟಗಾರರು ಸಿಟ್ಟಿಗೆದ್ದು, ನಮ್ಮ ಕೈಗೆ ನರ್ಫ್ ಹೆಸರಿನ ಸ್ಪಂಜಿನ ಆಟಿಕೆ ಕೊಟ್ಟರು ಎಂದು ಬೈದರು. ಅಲ್ಲಿಂದ ‘ನರ್ಫ್’ ಎಂಬ ಕ್ರಿಯಾಪದವೇ ಹುಟ್ಟಿತು. ಗುತ್ತಲದಲ್ಲಿ ಹೊಸ ಅಪ್‌ಡೇಟ್ ಬಂದ ದಿನ “ಈ ಗನ್ ನರ್ಫ್ ಮಾಡ್ಯಾರಲೇ” ಎಂದು ಗೊಣಗುವವನಿಗೆ ಸ್ಪಂಜಿನ ಕಥೆ ಬೇಕಾಗಿಲ್ಲ.

ಪಿಂಗ್ ಇನ್ನೂ ವಿಚಿತ್ರ. 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕದ ತಂತ್ರಜ್ಞ ಜಾಲದ ತೊಂದರೆ ಪತ್ತೆಗೆಂದು ಬರೆದ ಪುಟ್ಟ ಪ್ರೋಗ್ರಾಮಿನ ಹೆಸರು ಅದು, ನೀರಿನಡಿಯ ಹಡಗುಗಳು ದೂರ ಅಳೆಯಲು ಕಳಿಸುವ ಸದ್ದಿನ ಅನುಕರಣೆ. ಈಗ ತುಂಗಭದ್ರೆಯ ದಂಡೆಯ ಊರುಗಳಲ್ಲಿ ಮೋಡ ಕವಿದು ನೆಟ್‌ವರ್ಕ್ ನಿಧಾನವಾದರೆ “ಪಿಂಗ್ ಏರೇತಿ” ಎನ್ನುತ್ತಾರೆ. ಸೋತವನಿಗೆ ಅದಕ್ಕಿಂತ ಗಟ್ಟಿಯಾದ ನೆಪ ಸಿಕ್ಕಿಲ್ಲ.

ಕೊಟ್ಟ ಸಾಲ ಬಡ್ಡಿಸಮೇತ ಮರಳಿದ ಉದಾಹರಣೆಯೂ ಉಂಟು. ಲೂಟ್ ಎಂಬ ಪದ ಇಂಗ್ಲಿಷಿಗೆ ಹೋದದ್ದು ಹಿಂದುಸ್ತಾನದಿಂದ. ಕೊರಿಯಾದ ಕಂಪನಿ ಮಾಡಿದ ಆಟದ ಬೆನ್ನೇರಿ ಅದು ಲೂಟಿ ಎಂಬ ಪದ ಮೊದಲೇ ಇದ್ದ ಕನ್ನಡಕ್ಕೆ ಮರಳಿದೆ. ಆಟದೊಳಗಿನ ನಮ್ಮ ಗೊಂಬೆಗೆ ‘ಅವತಾರ’ ಎಂಬ ಹೆಸರು ಹಿಡಿದದ್ದು 1980ರ ದಶಕದ ಅಮೆರಿಕದಲ್ಲಿ, ಲ್ಯೂಕಾಸ್‌ಫಿಲ್ಮ್‌ನವರ ಹ್ಯಾಬಿಟ್ಯಾಟ್ ಎಂಬ ಆನ್‌ಲೈನ್ ಊರಿನಲ್ಲಿ. ನಮ್ಮ ಹುಡುಗರು ಮಾತ್ರ ಅವತಾರ ಎನ್ನುವುದಿಲ್ಲ, ‘ಕ್ಯಾರೆಕ್ಟರ್’ ಎನ್ನುತ್ತಾರೆ. ಅವತಾರ ಎಂದರೆ ಅವರಿಗೆ ಅವ್ವನ ಬೈಗುಳ: “ಏನಿದು ನಿನ್ನ ಅವತಾರ!”

ಬಾರ್ಟಲ್‌ ವಿಷಯ ಇನ್ನೊಂದಿದೆ, ಅದನ್ನು ಬಿಟ್ಟು ಮುಂದೆ ಹೋಗಲು ಮನಸ್ಸಿಲ್ಲ. 1996ರಲ್ಲಿ ಅವನು ಬರೆದ ಲೇಖನವೊಂದು ಆಟಗಾರರನ್ನು ನಾಲ್ಕು ಜಾತಿ ಮಾಡಿತು, ನಾಲ್ಕಕ್ಕೂ ಇಸ್ಪೀಟಿನ ಹೆಸರು ಕೊಟ್ಟಿತು. ಸಂಪತ್ತು, ಅಂಕ, ಪದವಿಗಳ ಬೆನ್ನು ಹತ್ತುವವರು ಡೈಮನ್. ಮೂಲೆಮೂಲೆ ಅಗೆದು ನೋಡುವವರು ಇಸ್ಪೀಟು, ಅಂದರೆ ಇಂಗ್ಲಿಷಿನಲ್ಲಿ ಸಲಿಕೆಯೂ ಹೌದಾದ ಸ್ಪೇಡ್. ಮಾತುಕತೆ, ಗೆಳೆತನಕ್ಕೆ ಬರುವವರು ಆಟೀನು. ಇನ್ನೊಬ್ಬರಿಗೆ ಹೊಡೆಯುವುದರಲ್ಲೇ ಸುಖ ಕಾಣುವವರು ಕಳಾವರ, ಯಾಕೆಂದರೆ ಇಂಗ್ಲಿಷಿನ ಕ್ಲಬ್ ಎಂದರೆ ದೊಣ್ಣೆ. ಯಾವ ಊರಿನ ಕಟ್ಟೆಯ ಮೇಲೆ ಇಸ್ಪೀಟು ಹಾಕಿ ಕೂತವರನ್ನು ನೋಡಿದರೂ ಈ ನಾಲ್ವರು ಸಿಗುತ್ತಾರೆ. ಗೆದ್ದ ದುಡ್ಡು ಎಣಿಸುವವನು, ಎದುರಿಗನ ಎಲೆ ಊಹಿಸುವವನು, ಚಹಾಕ್ಕಾಗಿ ಬಂದು ಕೂತವನು, ಜಗಳಕ್ಕೆಂದೇ ಬಂದವನು. ಗುತ್ತಲದ ಬಾಲಕರಲ್ಲೂ ಅಷ್ಟೆ. ಟಿಯರ್ ಏರಿಸುವ ಹಟದವನಿಗೆ ಬ್ರಾಂಜ್‌ನಿಂದ ಕಾಂಕರರ್‌ ತನಕದ ಮೆಟ್ಟಿಲುಗಳೇ ಜಗತ್ತು. ಮ್ಯಾಪಿನ ಮೂಲೆಯಲ್ಲಿ ಯಾರೂ ಕಾಣದ ಗುಹೆ ಹುಡುಕುವವನು ಗುಂಡೇ ಹಾರಿಸುವುದಿಲ್ಲ. ಗೆಳೆಯರ ಧ್ವನಿ ಕೇಳಲೆಂದೇ ಲಾಗಿನ್ ಆಗುವವನು ಊರು ಬಿಟ್ಟು ಬೆಂಗಳೂರಿನ ಗೋದಾಮಿನಲ್ಲಿ ದುಡಿಯುತ್ತಿರುತ್ತಾನೆ. ಈ ಕೊನೆಯವನ ಸಂಖ್ಯೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದೆ ಎಂದು ನನ್ನ ಅನಿಸಿಕೆ. ರಾತ್ರಿ ಹತ್ತಕ್ಕೆ ನಾಲ್ವರು ಕೂಡಿದಾಗ ಆಟದ ಮಾತಿನ ನಡುವೆ ಮಳೆ, ಗೋವಿನಜೋಳದ ರೇಟು, ಯಾರ ಮದುವೆ ಗೊತ್ತಾಯಿತು ಎಂಬ ಸುದ್ದಿ ಎಲ್ಲ ಬಂದುಹೋಗುತ್ತದೆ.

ಆಟೀನು, ಕಳಾವರ ಎನ್ನುವಾಗ ನಮಗೆ ಯಾವ ಪರಕೀಯತೆಯೂ ಕಾಡುವುದಿಲ್ಲ. ಆದರೆ ಹಾರ್ಟನ್, ಕ್ಲಾವರ್ ಎಂಬುವು ಡಚ್ಚರ ಮಾತು. ಕಡಲು ದಾಟಿ ವ್ಯಾಪಾರಕ್ಕೆ ಬಂದವರ ಇಸ್ಪೀಟು ನಮ್ಮ ಕಟ್ಟೆಯ ಮೇಲೆ ಕೂತು ನಮ್ಮದಾಯಿತು. ಇದಕ್ಕಿಂತ ಸೊಗಸಾದದ್ದು ಗಿಲ್ಲಿ-ದಾಂಡಿನ ಎಣಿಕೆ. ಮರಾಠಿ ಊರುಗಳ ಹುಡುಗರು ಏಕ, ದೋನ, ತೀನ ಎಂದು ಎಣಿಸುವವರು, ವಿಟ್ಟಿ-ದಾಂಡೂ ಆಡುವಾಗ ಮಾತ್ರ ‘ವಕಟ, ಲೇಂಡ, ಮುಂಡ, ನಾಲ’ ಎನ್ನುತ್ತ ಬಂದರು. ಒಕಟಿ, ರೆಂಡು, ಮೂಡು, ನಾಲುಗು ಎಂಬ ತೆಲುಗಿನ ನೆರಳು ಅಲ್ಲಿ ಯಾರಿಗಾದರೂ ಕಾಣುತ್ತದೆ. ಯಾವ ಪಂಡಿತನೂ ಅದನ್ನು ಅವರಿಗೆ ಕಲಿಸಲಿಲ್ಲ, ಯಾವ ಮಾಸ್ತರನೂ ಬಿಡಿಸಲಿಲ್ಲ. ಹಾವೇರಿ ತಾಲ್ಲೂಕಿನವರಿಗೆ ಗಡಿಯಾಚೆಯಿಂದ ತರುವುದು ಹೊಸದೂ ಅಲ್ಲ. ಗುತ್ತಲಕ್ಕೆ ದೂರವಲ್ಲದ ಗಳಗನಾಥದ ಹೆಸರನ್ನೇ ಇಟ್ಟುಕೊಂಡ ಕಾದಂಬರಿಕಾರ ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕಥೆಗಳನ್ನು ಕನ್ನಡಕ್ಕೆ ತಂದು, ಪುಸ್ತಕ ಹೊತ್ತು ಮಾರಿ, ಈ ಭಾಗದವರಿಗೆ ಓದುವ ಚಟ ಹತ್ತಿಸಿದರು.

ಹೆಸರುಗಳಿಗೆ ಬರೋಣ. ಆಟದೊಳಗೆ ಒಬ್ಬ ಹುಡುಗನಿಗೆ ಇರುವ ಹೆಸರು ಶಾಲೆಯ ಹಾಜರಿಯಲ್ಲಿ ಇರುವಂಥದ್ದಲ್ಲ. ಡೆವಿಲ್, ಕಿಂಗ್, ಡಾನ್, ರೌಡಿ, ಜೊತೆಗೆ ಊರ ಹೆಸರೋ ಗಾಡಿಯ ನಂಬರೋ. ಹೆಸರಿನ ಆಚೀಚೆ ರೆಕ್ಕೆ ಬಿಚ್ಚಿದಂಥ ಬಳ್ಳಿಚಿತ್ತಾರ. ಆ ಚಿತ್ತಾರ ಜಾವಾ ಲಿಪಿಯ ಅಲಂಕಾರ ಚಿಹ್ನೆ. ಇಂಡೋನೇಷ್ಯಾದ ಲಿಪಿಕಾರರು ಶೀರ್ಷಿಕೆಗಳ ಅಂಚಿಗೆ ಬಳಸುತ್ತಿದ್ದ ಗುರುತು ಯೂನಿಕೋಡಿಗೆ ಸೇರಿ, ಕಾಪಿ-ಪೇಸ್ಟ್ ಆಗುತ್ತ, ನಮ್ಮ ಜಿಲ್ಲೆಯ ಹುಡುಗರ ಬಿರುದಿಗೆ ಕಿರೀಟವಾಗಿ ಕೂತಿದೆ. ಹೆಸರೇ ಕಾಣದಂತೆ ಖಾಲಿ ಇಡಬೇಕೆನ್ನುವವರು ಕೊರಿಯನ್ ಲಿಪಿಯ ಕಾಣದ ಅಕ್ಷರವೊಂದನ್ನು ಹುಡುಕಿ ತರುತ್ತಾರೆ. ಲಿಪಿಶಾಸ್ತ್ರದ ಇಷ್ಟು ಜ್ಞಾನ ಪರೀಕ್ಷೆಗೆ ಬರುವುದಿಲ್ಲ, ಅದು ಬೇರೆ ಮಾತು.

ಬಿರುದಿನ ಹುಚ್ಚು ಈ ನೆಲಕ್ಕೆ ಹೊಸದಾಗಿ ಬಂತು ಎನ್ನುವಂತಿಲ್ಲ. ಗುತ್ತಲ ಹನ್ನೆರಡು-ಹದಿಮೂರನೇ ಶತಮಾನದಲ್ಲಿ ಗುತ್ತವೊಳಲ್ ಆಗಿತ್ತು, ಕಲ್ಯಾಣದ ಚಾಲುಕ್ಯರ ಸಾಮಂತರಾಗಿದ್ದ ಗುತ್ತರ ರಾಜಧಾನಿ. ಆಳಿದ್ದು ತುಂಗಭದ್ರೆಯ ದಂಡೆಯ ಸೀಮೆಯನ್ನು. ಶಾಸನಗಳಲ್ಲಿ ಹಾಕಿಕೊಂಡ ಬಿರುದು ಮಾತ್ರ ‘ಉಜ್ಜಯಿನೀಪುರವರಾಧೀಶ್ವರ’. ತಾವು ಗುಪ್ತರ ಕುಲದವರು, ವಿಕ್ರಮಾದಿತ್ಯನ ಮನೆಯವರು ಎನ್ನುವುದು ಅವರ ಹೇಳಿಕೆ. ಚೌಡದಾನಪುರದ ಮುಕ್ತೇಶ್ವರ ಗುಡಿಗೆ ಹೋದವರು ಗುತ್ತರ ಕಾಲದ ಶಾಸನಗಳ ಉದ್ದ ನೋಡಿಯೇ ಬೆರಗಾಗುತ್ತಾರೆ. ಗುತ್ತಲದಲ್ಲಿ ಕೂತು ಉಜ್ಜಯಿನಿಯ ಒಡೆಯ ಎನ್ನಿಸಿಕೊಂಡವರ ಊರಿನ ಹುಡುಗ ‘ಕಿಂಗ್ ಆಫ್ ಎರಾಂಗೆಲ್’ ಎಂದು ಹಾಕಿಕೊಂಡರೆ ನಗುವ ಹಕ್ಕು ಯಾರಿಗಿದೆ? ಎರಾಂಗೆಲ್ ಆ ಆಟದ ಮೊದಲ ದ್ವೀಪ, ಎಂಟು ಕಿಲೋಮೀಟರ್ ಉದ್ದ, ಎಂಟು ಅಗಲ. ಪಬ್‌ಜಿ ಸೃಷ್ಟಿಸಿದ ಐರ್ಲೆಂಡಿನ ಬ್ರೆಂಡನ್ ಗ್ರೀನ್ ತನ್ನ ಮಗಳು ಎರಿನ್‌ಳ ಹೆಸರಿಗೆ ಒಂದಿಷ್ಟು ಸೇರಿಸಿ ಮಾಡಿದ ಹೆಸರು.

ದೀಪಾವಳಿ ಕಳೆದು ಹೋರಿ ಹಬ್ಬದ ಹೊತ್ತಿಗೆ ಬಂದರೆ ಇದೇ ಬಿರುದುಗಳು ಹೋರಿಗಳ ಮೈಮೇಲೆ ಕಾಣುತ್ತವೆ. ಕೊಬ್ಬರಿ ಹಾರ ಕಟ್ಟಿಕೊಂಡು ಅಖಾಡಕ್ಕೆ ನುಗ್ಗುವ ಹೋರಿಗೆ ಸಿನಿಮಾದ ಹೆಸರು, ಹುಲಿಯ ಹೆಸರು, ಡಾನ್‌ಗಳ ಹೆಸರು. ಅದಕ್ಕೆ ಅಭಿಮಾನಿ ಬಳಗ, ಬಳಗಕ್ಕೆ ಒಂದೇ ಬಣ್ಣದ ಟೀಶರ್ಟು. ಹೋರಿ ಹಿಡಿಯಲು ನಿಂತ ಹುಡುಗರ ಕೂಗಿಗೂ ಸ್ಕ್ವಾಡ್‌ನ ಕೂಗಿಗೂ ಲಯ ಒಂದೇ. “ಬಂತು ಬಂತು, ಎಡಕ್ಕ ಸರಿ!” ಎನ್ನುವುದರಲ್ಲಿ ಹೋರಿಯೋ ಜೀಪೋ ಎಂದು ದೂರದಿಂದ ಹೇಳಲಾಗದು. ಮೌನದ ಆಜ್ಞೆಗೂ ಇಲ್ಲಿ ಸಿದ್ಧ ಮಾತಿದೆ. ನದಿಯಾಚೆ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಎಂದರೆ ಲಕ್ಷ ಜನ ಗಪ್ಪಾಗುತ್ತಾರೆ. ಆಟದಲ್ಲಿ ಶತ್ರುವಿನ ಹೆಜ್ಜೆ ಸಪ್ಪಳ ಕೇಳಿಸಿಕೊಳ್ಳಲು ತಂಡ ಗಪ್ಪಾಗಬೇಕಾದಾಗ ಈ ಭಾಗದ ಹುಡುಗನ ಬಾಯಿಗೆ ಆ ಮಾತು ಬಂದರೆ ಆಶ್ಚರ್ಯವೇನು?

ಮನೆಯವರಿಗೆ ಕಾಡುವುದು ಸಾವಿನ ಮಾತು. ಪಡಸಾಲೆಯಲ್ಲಿ ಕೂತ ಮಗ “ಸತ್ತೆನಲೇ, ಸತ್ತೆ” ಎಂದು ಕೂಗಿದರೆ ಒಳಗಿಂದ ಅವ್ವ “ಬಿಡ್ತು ಅನ್ನೋ” ಎನ್ನುತ್ತಾಳೆ. ಮುಸ್ಸಂಜೆ, ದೀಪ ಹಚ್ಚುವ ಹೊತ್ತಾದರೆ ಬೈಗುಳ ಇನ್ನೂ ಜೋರು. ಆದರೆ ಅದೇ ಅವ್ವ ಚೌಕಾಬಾರ ಆಡುವಾಗ ಕಾಯಿ ಕಡಿದವಳು, ಕಡಿಸಿಕೊಂಡು ಅತ್ತವಳು. ಗೆದ್ದ ಕಾಯಿ ‘ಹಣ್ಣಾಯಿತು’ ಎನ್ನುತ್ತಿದ್ದಳು. ಕಬಡ್ಡಿಯಲ್ಲಿ ಔಟಾದವನು ಸತ್ತವನೇ. ಚಿಕ್ಕ ಹುಡುಗ ಹಟ ಹಿಡಿದಾಗ ಅವನನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಮಾಡಿ ಸೇರಿಸಿಕೊಳ್ಳುತ್ತಿದ್ದ ಕಾಲದ ಜಾಗದಲ್ಲಿ ಈಗ ‘ಬಾಟ್’ ಇದೆ. ಕಂಪ್ಯೂಟರೇ ಆಡಿಸುವ, ಗುರಿ ಇಡಲು ಬಾರದ ಗೊಂಬೆ ಅದು. ಕೆಟ್ಟದಾಗಿ ಆಡುವ ಗೆಳೆಯನಿಗೂ ಅದೇ ಹೆಸರು. ಹಳೆಯದರಲ್ಲಿ ಪ್ರೀತಿಯಿತ್ತು, ಹೊಸದರಲ್ಲಿ ತಾತ್ಸಾರವೇ ಹೆಚ್ಚು ಎಂಬುದನ್ನು ಒಪ್ಪಲೇಬೇಕು. ಓಡಾಟದ ನಡುವೆ ಉಸಿರು ಕಟ್ಟಿದರೆ ಬೆರಳು ಎತ್ತಿ ‘ಟೈಮ್ ಪ್ಲೀಸ್’ ಎನ್ನುವ ಸವಲತ್ತೂ ಇಲ್ಲಿಲ್ಲ. ಅವ್ವ ಕರೆದಳು ಎಂದು ಎದ್ದು ಹೋದವನ ಗೊಂಬೆ ನಿಂತಲ್ಲೇ ನಿಂತಿರುತ್ತದೆ, ಎದುರಿಗ ಕನಿಕರ ತೋರುವುದಿಲ್ಲ. ಹುಲ್ಲಿನಲ್ಲಿ ಬೋರಲಾಗಿ ಮಲಗಿ ಹೊಂಚು ಹಾಕುವವನಿಗೆ ‘ಹಾವು’ ಎಂಬ ಹೆಸರು ಬಿದ್ದಿದೆ. ಈ ಪದ ಇಂಗ್ಲಿಷ್, ಹಿಂದಿ ಎರಡರ ದಾರಿಯಲ್ಲೂ ಬಂದದ್ದು, ಕನ್ನಡದಲ್ಲಿ ತರ್ಜುಮೆಯ ವಾಸನೆಯೇ ಇಲ್ಲ.

ಪರದೆಯ ಮೇಲೂ ಸಾವಿನ ಮಾತು ಹೆಚ್ಚು ದಿನ ಉಳಿಯಲಿಲ್ಲ. 2020ರ ಸೆಪ್ಟೆಂಬರ್ 2ರಂದು ನೂರಕ್ಕೂ ಹೆಚ್ಚು ಆ್ಯಪ್‌ಗಳ ಜೊತೆ ಪಬ್‌ಜಿ ನಿಷೇಧವಾಯಿತು, ಆಗಿನ ಕಾರಣ ದೇಶದ ಭದ್ರತೆ. 2021ರ ಜುಲೈನಲ್ಲಿ ಕ್ರಾಫ್ಟನ್ ಕಂಪನಿ ಅದನ್ನೇ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೊಸ ಹೆಸರಿನಲ್ಲಿ ತಂದಾಗ ರಕ್ತ ಹಸಿರಾಗಿತ್ತು, ‘ಕಿಲ್’ ಎಂಬ ಪದ ಹೋಗಿ ‘ಫಿನಿಶ್’ ಬಂದಿತ್ತು. ಶುರುವಿನಲ್ಲೇ ಒಂದು ಧ್ವನಿ, ಇದು ನಿಜ ಜಗತ್ತಲ್ಲ, ಕಾಲ್ಪನಿಕ ಜಗತ್ತು ಎಂದು ಎಚ್ಚರಿಸುತ್ತಿತ್ತು. ತೊಂದರೆ ಏನಾಯಿತೆಂದರೆ ಹುಡುಗರ ಮಾತಿನಲ್ಲಿ ಫಿನಿಶ್‌ಗೆ ಮೊದಲೇ ಕೆಲಸವಿತ್ತು. ನಾಕ್ ಆಗಿ ತೆವಳುತ್ತಿರುವವನ ಕಥೆ ಮುಗಿಸುವುದೇ ಅವರಿಗೆ ಫಿನಿಶ್. ಕಂಪನಿ ಬದಲಿಸಿದ್ದು ಪರದೆಯ ಮೇಲಿನ ಅಕ್ಷರ ಮಾತ್ರ, ಬಾಯಲ್ಲಿ ಕಿಲ್ ಕಿಲ್ಲಾಗಿಯೇ ಉಳಿಯಿತು. ಆ ಆಟವನ್ನು ಇಲ್ಲಿ ಇವತ್ತಿಗೂ ‘ಪಬ್‌ಜಿ’ ಎಂದೇ ಕರೆಯುತ್ತಾರೆ. 2022ರ ಫೆಬ್ರುವರಿ 14ರಂದು ಫ್ರೀ ಫೈರ್ ನಿಷೇಧದ ಸುದ್ದಿ ಬಂತು. ಅದೇ ದಿನ, ಕಾಕತಾಳೀಯವಾಗಿ, ಆನ್‌ಲೈನ್ ಜೂಜಿನ ವಿರುದ್ಧ ರಾಜ್ಯ ಸರ್ಕಾರ ತಂದಿದ್ದ ತಿದ್ದುಪಡಿ ಕಾಯ್ದೆಯ ಮುಖ್ಯ ಭಾಗಗಳನ್ನು ಕರ್ನಾಟಕ ಹೈಕೋರ್ಟು ರದ್ದುಮಾಡಿತು. ಫ್ರೀ ಫೈರ್‌ನ ‘ಮ್ಯಾಕ್ಸ್’ ಆವೃತ್ತಿ ಉಳಿದಿತ್ತು, ಹುಡುಗರು ಅತ್ತ ಸರಿದರು. ಗೆದ್ದವನ ಕೂಗು ‘ಬೂಯಾ’ ನಿಲ್ಲಲಿಲ್ಲ. ಅದರಲ್ಲಿ ಶತ್ರುವಿಗೆ ಅಡ್ಡವಾಗಿ ಎಬ್ಬಿಸುವ ಮಂಜಿನಂಥ ತಡೆಗೆ ಗ್ಲೂ ವಾಲ್ ಎಂದು ಹೆಸರು. “ಗ್ವಾಡಿ ಕಟ್ಟಲೇ” ಎನ್ನುವವರೂ ಇದ್ದಾರೆ. ಗೌಂಡಿ ಕೆಲಸದ ಮನೆಯ ಹುಡುಗನಿಗೆ ಕಟ್ಟುವ ಕ್ರಿಯಾಪದವನ್ನು ಯಾರು ಹೇಳಿಕೊಡಬೇಕು?

ನನ್ನ ಪ್ರಕಾರ ಹಿರಿಯರು ಕಿವಿ ನಿಮಿರಿಸಬೇಕಾದದ್ದು ಕಿಲ್, ಡೆಡ್, ಹೆಡ್‌ಶಾಟ್‌ಗಳಿಗಲ್ಲ. ಯುಸಿ, ಡೈಮಂಡ್, ಟಾಪ್‌ಅಪ್, ಕ್ರೇಟ್, ಸ್ಪಿನ್ ಎಂಬ ಮೆತ್ತಗಿನ ಪದಗಳಿಗೆ. ಯುಸಿ ಎಂಬುದರ ಬಿಡಿಸಿದ ರೂಪವೇ ‘ಅನ್‌ನೋನ್ ಕ್ಯಾಶ್’, ಗೊತ್ತಿಲ್ಲದ ದುಡ್ಡು. ರೂಪಾಯಿಯನ್ನು ಒಮ್ಮೆ ಯುಸಿ ಮಾಡಿದ ಮೇಲೆ ಅದು ಎಷ್ಟು ದಿನದ ಕೂಲಿ ಎಂಬ ಲೆಕ್ಕ ತಲೆಯಿಂದ ಜಾರುತ್ತದೆ. ಪದ ಅದಕ್ಕೇ ಇರುವುದು. “ನೂರು ರೂಪಾಯಿ ಕೊಡು” ಎಂದು ಅಪ್ಪನ ಮುಂದೆ ನಿಲ್ಲಲು ನಾಚುವ ಹುಡುಗ “ಅರವತ್ತು ಯುಸಿ ಹಾಕಸು” ಎಂದು ಅಣ್ಣನಿಗೆ ಸಲೀಸಾಗಿ ಹೇಳುತ್ತಾನೆ. ಪಬ್‌ಜಿ 2021ರಲ್ಲಿ ಮರಳಿದಾಗ ಹದಿನೆಂಟು ತುಂಬದವರಿಗೆ ದಿನಕ್ಕೆ ಮೂರು ಗಂಟೆ, 7,000 ರೂಪಾಯಿ ಎಂಬ ಮಿತಿ ಹಾಕಿದರು. ಮೂರು ಗಂಟೆ ಸರಿ. ಒಂದು ದಿನಕ್ಕೆ ಏಳು ಸಾವಿರ ಖರ್ಚು ಮಾಡುವ ಮಗುವನ್ನು ಅವರು ಯಾವ ಊರಲ್ಲಿ ಕಂಡಿದ್ದರೋ, ಬ್ಯಾಡಗಿಯಲ್ಲಂತೂ ಅಲ್ಲ, ಅಲ್ಲಿ ಮೆಣಸಿನಕಾಯಿ ಚೀಲ ಹೊರುವ ಹಮಾಲನ ಮನೆಯಲ್ಲಿ ಖಂಡಿತ ಅಲ್ಲ. ಬೆಳೆಸಿದ ಐಡಿಯನ್ನು ಮಾರುವುದು, ಕೊಳ್ಳುವುದು, ಕೊಂಡ ಮೇಲೆ ಪಾಸ್‌ವರ್ಡ್ ಬದಲಾಗಿ ದುಡ್ಡು ಮುಳುಗುವುದೂ ಉಂಟು. ಆಗ ಹಳೆಯ ಆಟದ ಪದವೊಂದೇ ನೆರವಿಗೆ ಬರುತ್ತದೆ. ಬುಗುರಿಯ ನೆತ್ತಿಗೆ ಮೊಳೆಯಿಂದ ಕುಕ್ಕಿ ತೂತು ಮಾಡುವುದಕ್ಕೆ ಗುನ್ನ ಎನ್ನುತ್ತಿದ್ದರು. “ನನಗ ಗುನ್ನಾ ಹೊಡದ್ರಲೇ” ಎಂದು ಇವತ್ತಿನ ಹುಡುಗನೂ ಹಲುಬುತ್ತಾನೆ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್‌ಗೆ ಮನ್ನಣೆ ಕೊಟ್ಟಿತು. ಯುಸಿಯಂಥ ಖರೀದಿ ಪಣಕ್ಕಿಟ್ಟ ದುಡ್ಡಲ್ಲ, ಹಾಗಾಗಿ ಆಟದೊಳಗಿನ ಅಂಗಡಿ ತೆರೆದೇ ಇದೆ.

ಇಷ್ಟು ಹೊತ್ತು ಹುಡುಗರು ಹುಡುಗರು ಎಂದೇ ಬರೆದೆ, ಬೇಕೆಂದೇ. ಹುಡುಗಿಯರು ಆಡುವುದಿಲ್ಲವೆಂದಲ್ಲ. ಮೈಕ್ ಆನ್ ಮಾಡುವುದಿಲ್ಲ. ಹೆಣ್ಣುಧ್ವನಿ ಕೇಳಿದ ಕೂಡಲೇ ರ‍್ಯಾಂಡಮ್‌ಗಳ ಬಾಯಿಂದ ಏನೇನು ಬರುತ್ತದೆ ಎಂಬುದು ಅವರಿಗೆ ಗೊತ್ತು. ಅವರು ಪರದೆಯ ಮೂಲೆಯ ಸಿದ್ಧ ಸಂದೇಶಗಳನ್ನು ಒತ್ತುತ್ತಾರೆ: ಇಲ್ಲಿ ಶತ್ರು ಇದ್ದಾನೆ, ನನಗೆ ಮದ್ದುಗುಂಡು ಬೇಕು, ಧನ್ಯವಾದ. ಎಲ್ಲ ಇಂಗ್ಲಿಷ್ ಅಥವಾ ಹಿಂದಿ. ಹಾಗಾಗಿ ‘ಮಕ್ಕೋಲೇ’, ‘ಹಣಿಕಿ ಹಾಕು’ಗಳ ಈ ಕನ್ನಡ ಸದ್ಯಕ್ಕೆ ಅರ್ಧ ಊರಿನ ಕನ್ನಡ. ಬೈಗುಳದ ಬಗ್ಗೆ ಇಲ್ಲಿ ಹೆಚ್ಚು ಬರೆಯುವಂತಿಲ್ಲ, ಇದು ಮನೆಮಂದಿ ಓದುವಂಥದ್ದು. ಬೈಗುಳದಲ್ಲಿ ಮಾತ್ರ ಇಂಗ್ಲಿಷಿನ ನೆರವು ಯಾರೂ ಪಡೆದಿಲ್ಲ ಎಂದರೆ ಸಾಕು.

ಗುಂಡು ಹಾರಿಸದ ಲೋಕಗಳಲ್ಲಿ ಬೇರೆ ಬಗೆಯ ಕೆಲಸ ನಡೆದಿದೆ. ಮೈನ್‌ಕ್ರಾಫ್ಟ್‌ನ ಕಂಪ್ಯೂಟರ್ ಆವೃತ್ತಿಯನ್ನು ಕನ್ನಡದಲ್ಲಿ ಆಡಬಹುದು. ಅನುವಾದ ಮಾಡಿದವರು ಸಂಬಳವಿಲ್ಲದ ಆಸಕ್ತರು. ಕಲ್ಲು, ಮಣ್ಣು, ಕೊಡಲಿ, ಕುಲುಮೆ ಎಂದು ಹೆಸರಿಡುವ ಕೆಲಸವದು. ಅಲ್ಲಿ ಪದವನ್ನು ಕೂತು ಆರಿಸುತ್ತಾರೆ, ಇಲ್ಲಿ ಓಡುತ್ತ ಹುಟ್ಟಿಸುತ್ತಾರೆ. ನನ್ನ ಒಲವು ಓಡುವವರ ಕಡೆ, ಆದರೆ ಬರಹದಲ್ಲಿ ಉಳಿಯುವುದು ಕೂತವರದೇ.

ಓಡುವವರ ಮಾತು ಎಷ್ಟು ಬೇಗ ಅಳಿಯುತ್ತದೆ ಎಂಬುದಕ್ಕೆ ಪಬ್‌ಜಿಯ ನಿಷೇಧವೇ ಸಾಕ್ಷಿ. ಆಗ ಪೊಚಿಂಕಿ ಎಂಬ ಕಾಲ್ಪನಿಕ ಊರಿನ ಓಣಿ ಓಣಿಗಳನ್ನು ಬಲ್ಲವರು ಎರಡು ತಿಂಗಳೊಳಗೆ ಆ ಭೂಗೋಳ ಕಳೆದುಕೊಂಡರು. ಹಾವೇರಿ ಜಿಲ್ಲೆಯಲ್ಲೇ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ, ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಜನರ ಬಾಯಲ್ಲಿ ಇರುವುದನ್ನು ಕೂಡಿಸುವುದೇ ಅದರ ಕೆಲಸ. ಆಟದ ಮಾತನ್ನು ಕೂಡಿಸಲು ಹೊರಟರೆ ಪದಗಳ ಪಟ್ಟಿಯಷ್ಟೇ ಸಾಲದು. ಯಾವ ಪದಕ್ಕೆ ಕೊಡು, ಯಾವುದಕ್ಕೆ ಹೊಡಿ, ಯಾವುದಕ್ಕೆ ಬೀಳು ಎಂಬುದು ಬೇಕು. ರಾಣೆಬೆನ್ನೂರಿನ ‘ಕುಂಡ್ರು’ ಹೊನ್ನಾಳಿ ದಾಟಿದ ಮೇಲೆ ಏನಾಗುತ್ತದೆ, ದಖನಿ ಮನೆಯ ಹುಡುಗ ಯಾವಾಗ ಕನ್ನಡಕ್ಕೆ ಹೊರಳುತ್ತಾನೆ, ಮೈಕ್ ಮುಚ್ಚಿದ ಹುಡುಗಿಯರು ತಮ್ಮತಮ್ಮಲ್ಲೇ ಆಡುವಾಗ ಏನೆನ್ನುತ್ತಾರೆ, ಎಲ್ಲ ಬೇಕು. ಧ್ವನಿಯನ್ನೇ ಮುದ್ರಿಸಿಕೊಳ್ಳಬೇಕು, ಬರೆದುಕೊಂಡರೆ ಅರ್ಧ ಹೋಗುತ್ತದೆ. ಮತ್ತೆ, ಕೇಳಲು ಹೋಗುವವರು ಮ್ಯಾಚ್ ಮುಗಿಯುವ ತನಕ ಕಾಯುವುದು ಒಳ್ಳೆಯದು. ಆಟದ ಮೈದಾನವನ್ನು ಕುಗ್ಗಿಸುತ್ತ ಬರುವ ‘ಜೋನ್’ ಹತ್ತಿರವಾದಾಗ ನಡುವೆ ಬಾಯಿ ಹಾಕಿದರೆ ಸಿಗುವ ಉತ್ತರ ಒಂದೇ: “ತಡೀರಿ ಸರ, ಜೋನ್ ಬರಾಕತ್ತೈತಿ.”